ಕೈಗೆ ಒಗ್ಗದ ಹಸುಗಳು

ಮೊದಲ ಒದೆಗೆ ಬಕೆಟ್ ಹೋಯಿತು. ಎರಡನೆಯ ಒದೆಗೆ ಕಡ್ಡಿ ಹೋದ.

ಸಗಣಿಯಲ್ಲಿ ಅಂಗಾತ ಬಿದ್ದವನು ಎದ್ದ. ಆಗಷ್ಟೇ ಬೇಡಿ ಬಿಚ್ಚಿಸಿಕೊಂಡಿದ್ದ ಮಣಿಕಟ್ಟನ್ನು ಉಜ್ಜಿಕೊಂಡು ಮತ್ತೆ ಅದೇ ಹಸುವಿನ ಮಗ್ಗುಲಲ್ಲಿ ಕುಕ್ಕರುಗಾಲಲ್ಲಿ ಕೂತ. ಈ ಸಲ ಹಸು ಒದೆಯುವ ಕಷ್ಟಕ್ಕೂ ಹೋಗಲಿಲ್ಲ. ಅವನ ಬೆರಳು ಕೆಚ್ಚಲಿಗೆ ತಾಗುವ ಮೊದಲೇ ಇಡೀ ಮೈಯನ್ನು ಗೋಡೆಯ ಕಡೆ ಎಳೆದುಕೊಂಡು, ಕೊರಳ ಹಗ್ಗ ಬಿಗಿಯುವಷ್ಟು ಸರಿದು ನಿಂತಿತು.

ಬಾಗಿಲಲ್ಲಿದ್ದ ಪೊಲೀಸ್ ಇನ್‌ಸ್ಪೆಕ್ಟರ್ ನಗಲಿಲ್ಲ. ನಕ್ಕಿದ್ದರೆ ತಪಾಸಣಾಧಿಕಾರಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಈ ಪರೀಕ್ಷೆ ಅವಳದೇ ಯೋಚನೆ. ದನಗಳ ಕಿವಿಗೆ ಸರ್ಕಾರದ ಓಲೆ ಚುಚ್ಚುತ್ತಿದ್ದ ಓಲೆ ಮಾವ ಹೋದ ವಾರ ನಸುಕಿನಲ್ಲಿ ಡೇರಿಯ ಮುಂದೆ ತಲೆ ಒಡೆದು ಸತ್ತು ಬಿದ್ದಿದ್ದ. ಓಲೆ ಚುಚ್ಚುವ ಅವನ ಇಕ್ಕಳ ಸಿಕ್ಕಿದ್ದು ಕಡ್ಡಿ ಅಕ್ಕನ ಜೊತೆ ಇದ್ದ ಇದೇ ಮನೆಯ ಮೇವಿನ ರಾಶಿಯೊಳಗೆ. ಆ ಹೊತ್ತಿನಲ್ಲಿ ತಾನು ಅಕ್ಕನ ಕೊಟ್ಟಿಗೆಯಲ್ಲಿ ಐದೂ ಹಸುಗಳ ಹಾಲು ಕರೆಯುತ್ತಿದ್ದೆ ಎಂಬುದೊಂದೇ ಕಡ್ಡಿಯ ಉತ್ತರ. ಅಕ್ಕನೂ ಅದನ್ನೇ ಹೇಳಿದ್ದಳು. ಅಕ್ಕನ ಮಾತನ್ನು ಯಾವ ಪೊಲೀಸ್ ನಂಬುತ್ತಾನೆ?

ತಪಾಸಣಾಧಿಕಾರಿ ಪೊಲೀಸ್ ಅಲ್ಲ. ಜಾನುವಾರು ಸಬ್ಸಿಡಿ ಕಚೇರಿಯವಳು. ಯಾರ ಕೊಟ್ಟಿಗೆಯಲ್ಲಿ ಎಷ್ಟು ಹಸುಗಳಿವೆ, ಅವು ಅವರದೇ ಹೌದೋ ಅಲ್ಲವೋ, ಹಣಕ್ಕೆ ಅರ್ಹರೋ ಅಲ್ಲವೋ ಎಂದು ನೋಡಿ ವರದಿ ಕೊಡುವುದಷ್ಟೇ ಅವಳ ಕೆಲಸ. ಆದರೂ ಬಾಯಿ ಸುಮ್ಮನಿರಲಿಲ್ಲ. ದಿನವೂ ಕರೆಯುವ ಕೈ ಯಾವುದೆಂದು ಹಸುಗಳಿಗೆ ಗೊತ್ತಿರುತ್ತದೆ, ಹುಡುಗನನ್ನು ಕರೆತಂದು ಕೂರಿಸಿ, ಅವು ಸುಮ್ಮನೆ ನಿಂತರೆ ಅವನ ಮಾತು ನಿಜ ಎಂದು ಇನ್‌ಸ್ಪೆಕ್ಟರಿಗೆ ಹೇಳಿದ್ದಳು. ಮೂರು ದಿನ ಬೆನ್ನುಬಿದ್ದು ಒಪ್ಪಿಸಿದ್ದಳು. ಸಂಜೆ ಪೊಲೀಸ್ ಕಸ್ಟಡಿ ಮುಗಿದು ಕಡ್ಡಿಯನ್ನು ಮತ್ತೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಅಷ್ಟರೊಳಗೆ ಏನಾದರೂ ಸಿಕ್ಕರೆ ಕೊಲೆಯ ಆರೋಪ ಬಿಡುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು ಇನ್‌ಸ್ಪೆಕ್ಟರ್ ನೇರವಾಗಿ ಹೇಳಿದ್ದರು.

ಕಡ್ಡಿ ಎರಡನೆಯ ಹಸುವಿನ ಹತ್ತಿರ ಹೋದ. ಅದು ಬಾಲದಿಂದ ಅವನ ಕೆನ್ನೆಗೆ ಬಾರಿಸಿತು. ಮೂರನೆಯದು ಅವನ ಪಾದ ತುಳಿಯಿತು. ನಾಲ್ಕನೆಯದರ ಹತ್ತಿರ ಅವನು ಹೋಗಲೇ ಇಲ್ಲ, ಸುಮ್ಮನೆ ಕೈ ಜೋಲುಬಿಟ್ಟು ನಿಂತ.

"ಒಂದು ವಾರ ನಮ್ಮಲ್ಲಿ ತಿಂದು ಕೊಬ್ಬಿವೆ ಮೇಡಂ," ಎಂದರು ಡೇರಿ ಅಧ್ಯಕ್ಷರು. "ಮಾವನ ಮನೇಲಿ ಉಂಡು ಬಂದ ಅಳಿಯನ ಹಾಗೆ. ಮನೆ ಊಟ ಕಂಡ್ರೆ ಮುಖ ತಿರುಗಿಸ್ತವೆ."

ಕೊಲೆಯಾದ ದಿನದಿಂದ ಕೊಟ್ಟಿಗೆಗೆ ಪೊಲೀಸರ ಬೀಗ ಬಿದ್ದಿತ್ತು. ಹಸುಗಳಿಗೆ ದಿಕ್ಕಿರಲಿಲ್ಲವೆಂದು ಅಧ್ಯಕ್ಷರೇ ಅವನ್ನು ತಮ್ಮ ದೊಡ್ಡ ಕೊಟ್ಟಿಗೆಗೆ ಹೊಡೆದುಕೊಂಡು ಹೋಗಿ ಸಾಕಿದ್ದರು. ಈ ಮಧ್ಯಾಹ್ನ ಅವರೇ ವಾಪಸು ತಂದು ಕಟ್ಟಿದ್ದರು. ಎಲ್ಲರಿಗೂ ಪ್ಲಾಸ್ಟಿಕ್ ಕುರ್ಚಿ ಹಾಕಿಸಿದವರೂ ಅವರೇ. ಯಾರೂ ಕೂತಿರಲಿಲ್ಲ.

ಇನ್‌ಸ್ಪೆಕ್ಟರ್ ಆ ಮಾತಿಗೆ ತಲೆಯಾಡಿಸಿದರು. ಒಂದು ವಾರದಲ್ಲಿ ಸಾಕಿದವನನ್ನೇ ಮರೆಯುವುದಾದರೆ ಅದಕ್ಕಿಂತ ತಮ್ಮ ಮನೆಯ ಬೆಕ್ಕೇ ವಾಸಿ ಎಂದರು. ಆಮೇಲೆ ಅಕ್ಕನ ಕಡೆ ತಿರುಗಿ, ನೀನೂ ಒಂದು ಕೈ ನೋಡಮ್ಮ ಎಂದರು.

ಅಕ್ಕ ಆವರೆಗೆ ಮೂಲೆಯಲ್ಲಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಿಂತಿದ್ದಳು. ಬೊಗಸೆಯಲ್ಲಿ ಬೂಸಾ ಹಿಡಿದು ಐದನೆಯ ಹಸುವಿನ ಮೂತಿಯ ಹತ್ತಿರ ಚಾಚಿದಳು. ಹೋ, ಹೋ ಎಂದಳು. ಹಸು ಬೂಸಾ ತಿಂದಿತು. ಅವಳು ಬಕೆಟ್ ತೆಗೆದುಕೊಂಡು ಕೂರಲು ಹೋದಾಗ ಹಿಂಗಾಲು ಝಾಡಿಸಿತು.

ತಪಾಸಣಾಧಿಕಾರಿಯ ಕಿವಿಗೆ ಬಿದ್ದದ್ದು ಆ ಹೋ, ಹೋ. ನೂರಾರು ಕೊಟ್ಟಿಗೆಗಳನ್ನು ನೋಡಿದವಳು ಅವಳು. ಎರಡು ಹಸು ಸಾಕಿದವರೂ ಅವಕ್ಕೊಂದು ಹೆಸರಿಟ್ಟು, ಮಕ್ಕಳನ್ನು ಬೈದ ಹಾಗೆ ಆ ಹೆಸರು ಹಿಡಿದೇ ಬೈಯುತ್ತಾರೆ. ಈ ಹೆಂಗಸು ಐದರಲ್ಲಿ ಒಂದನ್ನೂ ಹೆಸರು ಹಿಡಿದು ಕರೆಯಲಿಲ್ಲ.

ಅವಳ ಪರ್ಸಿನಲ್ಲಿ ಫೋನು ನಡುಗಿತು. ಕಚೇರಿಯ ಸಾಹೇಬರು. ಬೆಳಗಿನಿಂದ ಇದು ನಾಲ್ಕನೆಯ ಸಲವೋ ಐದನೆಯದೋ. ಈ ಪರೀಕ್ಷೆಯ ವಿಷಯ ಹೇಳಿದಾಗಿನಿಂದ ಅವರಿಗೆ ಸಮಾಧಾನವಿಲ್ಲ. ಕೊಲೆ ಪೊಲೀಸರಿಗೆ ಬಿಡಿ, ಆ ಹೆಂಗಸಿನ ಸಬ್ಸಿಡಿ ಅರ್ಜಿಯನ್ನು ಪಾಸು ಮಾಡಿಯೋ ತಿರಸ್ಕರಿಸಿಯೋ ಇವತ್ತೇ ಕೈ ತೊಳೆದುಕೊಳ್ಳಿ ಎಂದಿದ್ದರು. ಅವಳು ಫೋನ್ ಎತ್ತಲಿಲ್ಲ.

"ಆಯ್ತಲ್ಲ ಮೇಡಂ," ಎಂದರು ಇನ್‌ಸ್ಪೆಕ್ಟರ್. "ನಿಮ್ಮ ಸಾಕ್ಷಿಗಳು ಐದಕ್ಕೈದೂ ಇವನನ್ನ ಗೊತ್ತಿಲ್ಲ ಅಂದ್ವು. ನಾನು ಕೇಳಿದ್ರೆ ಇಷ್ಟು ಚೆನ್ನಾಗಿ ಹೇಳ್ತಿರಲಿಲ್ಲ."

ಅವರ ಧ್ವನಿಯಲ್ಲಿ ಚುಚ್ಚುವ ಉತ್ಸಾಹವೇನೂ ಇರಲಿಲ್ಲ. ಕೆಲಸ ಮುಗಿದವನ ಆಯಾಸವಿತ್ತು. ಕಾನ್‌ಸ್ಟೇಬಲ್ ಮತ್ತೆ ಬೇಡಿ ಹಾಕಿದ. ಕಡ್ಡಿ ಕೈಗಳನ್ನು ತಾನಾಗಿಯೇ ಮುಂದೆ ಮಾಡಿದ. ಅವನನ್ನು ಉಳಿಸಲೆಂದು ಬಂದವಳೇ ಅವನ ಕೊನೆಯ ಉತ್ತರವನ್ನು ಎಲ್ಲರೆದುರು ಸುಳ್ಳು ಮಾಡಿದ್ದಳು. ಅವನು ಅವಳ ಕಡೆ ನೋಡಲೂ ಇಲ್ಲ. ನೋಡಿ ಬೈದಿದ್ದರೆ ವಾಸಿಯಿತ್ತು.

ಜೀಪು ಕೊಟ್ಟಿಗೆಯ ಗೋಡೆಗೆ ಒತ್ತಿಕೊಂಡೇ ನಿಂತಿತ್ತು. ಚಾಲಕ ಚಾಲೂ ಮಾಡಿದ. ಹಳೆಯ ಎಂಜಿನ್. ಹೊರಡುವ ಮೊದಲು ಸ್ವಲ್ಪ ಹೊತ್ತು ಗುರ್‌ಗುಟ್ಟಿಸಲೇಬೇಕು. ಗೋಡೆ ಸಣ್ಣಗೆ ಅದುರಿತು. ತಗಡಿನ ಸೂರು ಸದ್ದು ಮಾಡಿತು.

ಹಸುಗಳು ಕಿವಿ ನಿಮಿರಿಸಿದವು.

ಮೊದಲು ಸರಿದು ನಿಂತದ್ದು ಕಡ್ಡಿಯನ್ನು ಒದ್ದ ಹಸು. ಗೋಡೆ ಬಿಟ್ಟು ನಡುವಿಗೆ ಬಂದು, ಹಿಂಗಾಲುಗಳನ್ನು ಅಗಲಿಸಿ, ತಲೆ ತಗ್ಗಿಸಿ ಮೆಲುಕು ಹಾಕತೊಡಗಿತು. ಪಕ್ಕದ್ದೂ ಹಾಗೆಯೇ ನಿಂತಿತು. ಆಮೇಲೆ ಅದರ ಪಕ್ಕದ್ದು. ಯಾರೂ ಮುಟ್ಟಿರಲಿಲ್ಲ. ಕಡ್ಡಿಯನ್ನು ಒದ್ದ ಹಸುವಿನ ಮೊಲೆಯಿಂದ ಒಂದು ಬಿಳಿ ಹನಿ ನೆಲಕ್ಕೆ ಬಿತ್ತು. ಇನ್ನೊಂದು ಬಿತ್ತು. ನೋಡನೋಡುತ್ತಿದ್ದಂತೆ ನಾಲ್ಕೂ ಮೊಲೆಗಳಿಂದ ಹಾಲು ಸಗಣಿಯ ಮೇಲೆ ತೊಟ್ಟಿಕ್ಕತೊಡಗಿತು.

ಇನ್‌ಸ್ಪೆಕ್ಟರ್ ಜೀಪಿನ ಕಡೆ ನಡೆಯುತ್ತಿದ್ದರು, ಅದನ್ನು ನೋಡಲಿಲ್ಲ. ಅಧ್ಯಕ್ಷರು ನೋಡಿದರು.

"ಏಯ್, ಗಾಡಿ ಆಫ್ ಮಾಡಪ್ಪ. ಹೊಗೆಗೆ ದನ ಬೆದರ್ತವೆ," ಎಂದು ಅವರು ಚಾಲಕನಿಗೆ ಕೂಗಿದರು.

ಬೆದರಿದ ದನ ಹಾಲು ಇಳಿಸುವುದಿಲ್ಲ. ಇದು ಅಧ್ಯಕ್ಷರಿಗೆ ಗೊತ್ತಿಲ್ಲದ ವಿಷಯವಲ್ಲ.

ಎಂಜಿನ್ ನಿಂತಿತು. ಹಸುಗಳು ಮತ್ತೆ ಕಾಲು ಬದಲಿಸತೊಡಗಿದವು. ತಪಾಸಣಾಧಿಕಾರಿ ಬಗ್ಗಿ ನೋಡಿದಳು. ಮೊಲೆಗಳ ಬುಡದಲ್ಲಿ ಸುತ್ತಲೂ ಒಂದು ಗೆರೆ, ಬಿಗಿಯಾದ ಬಳೆ ತೆಗೆದ ಮೇಲೆ ಕೈಯಲ್ಲಿ ಉಳಿಯುವಂಥದ್ದು. ಹಾಲು ಕರೆಯುವ ಯಂತ್ರದ ರಬ್ಬರ್ ಬಟ್ಟಲು ಬಿಡುವ ಗುರುತು. ಮೊನ್ನೆ ಅಧ್ಯಕ್ಷರ ದೊಡ್ಡ ಕೊಟ್ಟಿಗೆಗೆ ಹೋದಾಗ ಇಂಥದೇ ಗುರ್‌ಗುಟ್ಟುವ ಮೋಟಾರಿನ ಸದ್ದಿಗೆ ಸಾಲು ಸಾಲು ಹಸುಗಳು ಹೀಗೆಯೇ ಕಾಲಗಲಿಸಿ ನಿಂತದ್ದನ್ನು ಅವಳು ಕಂಡಿದ್ದಳು. ಯಂತ್ರ ಇರುವುದು ಸುತ್ತಮುತ್ತ ಅದೊಂದೇ ಕಡೆ.

ಒಂದು ವಾರದಲ್ಲಿ ಹಸು ಯಂತ್ರಕ್ಕೆ ಒಗ್ಗಬಹುದು. ಆದರೆ ವರ್ಷಗಟ್ಟಲೆ ತನ್ನನ್ನು ಕರೆದ ಕೈಯನ್ನು ಒಂದು ವಾರದಲ್ಲಿ ಒದೆಯುವಷ್ಟು ಮರೆಯಲಾರದು. ಇವು ಮರೆತ ಹಸುಗಳಲ್ಲ. ಮನುಷ್ಯರ ಕೈಗೆ ಎಂದೂ ಒಗ್ಗಿರದ ಹಸುಗಳು.

ಹಸುವಿನ ಕಿವಿ ಹಿಡಿದು ಓಲೆಯನ್ನು ತಿರುವಿದಳು. ಸಂಖ್ಯೆ ಸರಿಯಿತ್ತು. ಸಂಖ್ಯೆ ಸರಿಯಿದ್ದರೆ ಕಿವಿ ಬಿಟ್ಟು ಮುಂದಿನ ಹಸುವಿಗೆ ಹೋಗುವುದು ಅವರ ಕಚೇರಿಯ ಅಭ್ಯಾಸ. ಮೊನ್ನೆ ಅಧ್ಯಕ್ಷರ ಕೊಟ್ಟಿಗೆಯಲ್ಲಿ ಅವಳೂ ಹಾಗೆಯೇ ಮಾಡಿದ್ದಳು. ಈಗ ಬಿಡದೆ ನೋಡಿದಳು. ಹಳದಿ ಓಲೆ ಬಿಸಿಲಿಗೆ ಬೆಳ್ಳಗಾಗಿತ್ತು, ಅಂಚು ಸವೆದಿತ್ತು. ಅದು ಕೂತಿದ್ದ ತೂತಿನ ಸುತ್ತ ಮಾತ್ರ ಇನ್ನೂ ಹೆಪ್ಪುಗಟ್ಟಿದ ಹಕ್ಕಳೆ, ಅದಕ್ಕೆ ಮುತ್ತಿದ ನೊಣ.

ಓಲೆ ಹಳೆಯದು, ಗಾಯ ಹೊಸದು. ಐದೂ ಕಿವಿಗಳಲ್ಲಿ.

ಇನ್‌ಸ್ಪೆಕ್ಟರನ್ನು ಹಿಂದಿನಿಂದ ಕರೆದು, ಒಂದು ಟೀ ಕುಡಿಯುವಷ್ಟು ಹೊತ್ತು ಕೊಡಿ, ಅರ್ಜಿದಾರಳ ಹೇಳಿಕೆ ಬಾಕಿಯಿದೆ ಎಂದಳು. ಅವರು ಗಡಿಯಾರ ನೋಡಿಕೊಂಡರು. ಟೀ ಎಲ್ಲಿದೆ ಎಂದು ಕೇಳಿದರು. ತರಿಸುತ್ತೇನೆಂದು ಅಧ್ಯಕ್ಷರು ತುಸು ಹೆಚ್ಚೇ ಅವಸರದಲ್ಲಿ ಹೇಳಿದರು.

ಮೇವಿನ ಕೋಣೆಗೆ ಕಿಟಕಿಯಿರಲಿಲ್ಲ. ಒಣಹುಲ್ಲಿನ ದೂಳು ಮೂಗಿಗೆ ಕಟ್ಟುತ್ತಿತ್ತು. ಅಕ್ಕ ಒಳಗೆ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು, ಹೊರಗಿನವರನ್ನು ತಾನೇ ತಡೆಯುವವಳ ಹಾಗೆ.

ತಪಾಸಣಾಧಿಕಾರಿ ಸುತ್ತಿ ಬಳಸಲಿಲ್ಲ. "ಅಕ್ಕಾ, ಈ ಹಸುಗಳು ನಿಮ್ಮವಲ್ಲ."

"ಓಲೆ ನೋಡಿದ್ರಲ್ಲ."

"ಓಲೆ ನಿಮ್ಮ ಹಸುಗಳದ್ದೇ. ಕಿವಿ ಬೇರೆಯವರ ಹಸುಗಳದ್ದು."

ಹೊರಗೆ ಅಧ್ಯಕ್ಷರು ಯಾರಿಗೋ ಸಕ್ಕರೆ ಕಡಿಮೆ ಹಾಕಲು ಹೇಳುತ್ತಿದ್ದರು.

"ನಿಮ್ಮ ಹಸುಗಳು ಎಲ್ಲಿ?"

"ಎಲ್ಲಿರ್ತವೆ. ಮಣ್ಣಲ್ಲಿ."

ಒಮ್ಮೆ ಹೇಳಿದ ಮೇಲೆ ಅವಳಿಗೆ ನಿಲ್ಲಿಸಲಾಗಲಿಲ್ಲ. ತಿಂಗಳ ಹಿಂದೆ ಕಾಲುಬಾಯಿ ಜ್ವರ ಬಂದು ಒಂದರ ಹಿಂದೊಂದು ಐದೂ ಹೋಗಿದ್ದವು. ಹಸು ಸತ್ತರೆ ಓಲೆಯ ಸಮೇತ ಕಿವಿ ಕತ್ತರಿಸಿ ಸಬ್ಸಿಡಿ ಕಚೇರಿಗೆ ಒಪ್ಪಿಸಬೇಕು, ಆಗ ಅರ್ಹರ ಪಟ್ಟಿಯಿಂದ ಹೆಸರು ಹೋಗುತ್ತದೆ. ಓಲೆ ಮಾವ ಬಂದು ಕಿವಿ ಕತ್ತರಿಸಿದ್ದು ನಿಜ. ಆದರೆ ಒಪ್ಪಿಸಲಿಲ್ಲ, ಓಲೆಗಳನ್ನು ಬಿಚ್ಚಿ ತನ್ನಲ್ಲೇ ಇಟ್ಟುಕೊಂಡ. ಮೂರು ದಿನ ಬಿಟ್ಟು ಅಧ್ಯಕ್ಷರ ಮಾತು ಹೊತ್ತು ಬಂದ. ಹತ್ತಕ್ಕಿಂತ ಹೆಚ್ಚು ಹಸುಗಳಿದ್ದವರಿಗೆ ಸಬ್ಸಿಡಿ ಇಲ್ಲ, ಅಧ್ಯಕ್ಷರ ಕೊಟ್ಟಿಗೆ ತುಂಬ ಹಸು. ನಿನ್ನ ಹೆಸರು ಪಟ್ಟಿಯಲ್ಲಿ ಇರಲಿ, ಡೇರಿಗೆ ನಿನ್ನ ಹೆಸರಲ್ಲಿ ದಿನವೂ ಹಾಲು ಅವರೇ ಹಾಕಿಸುತ್ತಾರೆ, ತಪಾಸಣೆಯವರು ಬರುವ ದಿನ ಹಸುಗಳೂ ಬಂದು ನಿಲ್ಲುತ್ತವೆ, ಬಂದದ್ದರಲ್ಲಿ ನಿನಗೂ ಒಂದು ಪಾಲು ಎಂದ. ಅಕ್ಕ ಹೂಂ ಅಂದಿದ್ದಳು. ಹೂಂ ಅನ್ನದೆ ಏನು ಮಾಡುವುದು ಎಂದು ಕೇಳಲಿಲ್ಲ. ಅಂದೆ, ಅಷ್ಟೇ ಎಂದಳು.

"ನಮ್ಮ ಕೊಟ್ಟಿಗೆ ತಿಂಗಳಿಂದ ಖಾಲಿ ಮೇಡಂ. ನೀವು ತಪಾಸಣೆಗೆ ಬರೋ ದಿನ ಬೆಳಗ್ಗೆ ಕಸ ಗುಡಿಸೋಕೆ ಹೋದೆ. ಐದು ಹಸು ನಿಂತಿದ್ವು. ಕಿವಿಯಿಂದ ಇನ್ನೂ ರಕ್ತ ಇಳೀತಿತ್ತು. ನಾನು ತವುಡು ಕಲಸ್ತಾ ಇದ್ದೆ, ಅಷ್ಟರಲ್ಲಿ ಓಲೆ ಮಾವ ಹೋದ ಅಂತ ಸುದ್ದಿ ಬಂತು."

ತಪಾಸಣಾಧಿಕಾರಿ ಇಕ್ಕಳ ಸಿಕ್ಕಿದ್ದ ಹುಲ್ಲಿನ ರಾಶಿಯನ್ನು ನೋಡಿದಳು. ಕಿವಿಯ ರಕ್ತ ನಿಂತಿರಲಿಲ್ಲವೆಂದರೆ, ಡೇರಿಯ ಮುಂದೆ ಆ ನಸುಕಿನಲ್ಲಿ ಓಲೆ ಮಾವ ಕೊನೆಯದಾಗಿ ಓಲೆ ಚುಚ್ಚಿದ್ದು ಈ ಹಸುಗಳಿಗೆ. ಅವು ಅಲ್ಲಿಂದ ತಾವಾಗಿಯೇ ಇಲ್ಲಿಗೆ ನಡೆದುಬಂದು ಹಗ್ಗ ಕಟ್ಟಿಸಿಕೊಂಡಿರಲಾರವು. ಹೊಡೆದುಕೊಂಡು ಬಂದವನು ಆಗ ಅಲ್ಲಿದ್ದ. ಮೇವಿನ ರಾಶಿಗೆ ಇಕ್ಕಳ ತುರುಕುವುದಕ್ಕೂ ಅವನಿಗೆ ಆಗಲೇ ಅನುಕೂಲವಿತ್ತು.

"ಹಾಗಾದ್ರೆ ಕಡ್ಡಿ ಹಾಲು ಕರೀತಿರಲಿಲ್ಲ."

"ಏನಿತ್ತು ಕರೆಯೋಕೆ."

"ಮತ್ತೆ ಯಾಕೆ ಹಾಗೆ ಹೇಳಿದ? ಎಲ್ಲಿದ್ದ ಅವನು?"

ಅಕ್ಕ ಅವಳನ್ನೇ ನೋಡಿದಳು. ಆ ನೋಟದಲ್ಲಿ ಹೆದರಿಕೆಗಿಂತ ಅನುಮಾನ ಜಾಸ್ತಿಯಿತ್ತು. ಇವಳು ನಿಜಕ್ಕೂ ಗೊತ್ತಿಲ್ಲದೆ ಕೇಳುತ್ತಿದ್ದಾಳೋ, ನಾಟಕವೋ ಎಂದು ಅಳೆಯುವ ನೋಟ.

"ನಿಮಗೆ ಗೊತ್ತಿಲ್ವಾ?"

"ಇಲ್ಲ."

"ನಿಮ್ಮ ಸಾಹೇಬ್ರ ಮನೇಲಿ."

ಅಕ್ಕ ದನಿ ತಗ್ಗಿಸಿ ಉಳಿದದ್ದನ್ನು ಹೇಳಿದಳು. ತಮ್ಮನಿಗೆ ಈ ವ್ಯವಹಾರ ಮೊದಲಿನಿಂದ ಹಿಡಿಸಿರಲಿಲ್ಲ. ಇದೇ ವಿಷಯಕ್ಕೆ ಓಲೆ ಮಾವನ ಜೊತೆ ಬೀದಿಯಲ್ಲಿ ಕಿತ್ತಾಡಿದ್ದ, ಪೊಲೀಸರು ಅದನ್ನೇ ಕೊಲೆಗೆ ಕಾರಣ ಮಾಡಿಕೊಂಡರು. ಆದರೆ ಆ ಜಗಳ ರಾಜಿಯಲ್ಲಿ ಮುಗಿದದ್ದು ಯಾರಿಗೂ ಗೊತ್ತಿರಲಿಲ್ಲ. ಓಲೆ ಮಾವನಿಗೂ ಸಾಕಾಗಿತ್ತು. ತಪಾಸಣೆಗೆ ಮೊದಲೇ ಸಾಹೇಬರ ಮನೆಗೆ ಹೋಗಿ ಎಲ್ಲ ಒಪ್ಪಿಕೊಂಡುಬಿಡೋಣ, ಅಧ್ಯಕ್ಷರಿಗೆ ಅನುಮಾನ ಬಾರದ ಹಾಗೆ ಓಲೆ ಚುಚ್ಚಿಕೊಟ್ಟು ನಸುಕಿನಲ್ಲಿ ಅಲ್ಲಿಗೇ ಬರುತ್ತೇನೆ, ನೀನು ಮುಂದೆ ಹೋಗಿರು ಎಂದು ಕಡ್ಡಿಗೆ ಹೇಳಿದ್ದ. ಕಡ್ಡಿ ಹೋಗಿ ಹಜಾರದಲ್ಲಿ ಕೂತ. ಓಲೆ ಮಾವ ಬರಲೇ ಇಲ್ಲ. ಬೆಳಕು ಹರಿದ ಮೇಲೆ ಕಡ್ಡಿ ಒಬ್ಬನೇ ಸಾಹೇಬರಿಗೆ ಎಲ್ಲವನ್ನೂ ಹೇಳಿದ. ಅವರು ಕಾಫಿ ಕೊಟ್ಟು, ಕೇಳಿ, ಬೆನ್ನು ತಟ್ಟಿ ಕಳಿಸಿದರು.

"ಹಿಡಿದಮೇಲೆ ಠಾಣೆಗೆ ಬಂದಿದ್ರಂತೆ ನಿಮ್ಮ ಸಾಹೇಬ್ರು. ಹಸು ಇರಲಿಲ್ಲ ಅಂತ ಬಾಯಿಬಿಟ್ರೆ ಮೋಸಕ್ಕೆ ನಿಮ್ಮಕ್ಕ ಒಳಗೆ ಹೋಗ್ತಾಳೆ, ಹಾಲು ಕರೀತಿದ್ದೆ ಅನ್ನು, ಮಿಕ್ಕಿದ್ದು ನಾನು ನೋಡ್ಕೋತೀನಿ ಅಂದ್ರಂತೆ. ನನ್ನ ತಮ್ಮ ಒಂದು ಥರ ದಡ್ಡ. ದೊಡ್ಡೋರು ನೋಡ್ಕೋತೀನಿ ಅಂದ್ರೆ ನಂಬ್ತಾನೆ."

ಫೋನು ಮತ್ತೆ ನಡುಗಿತು. ಇಬ್ಬರೂ ಅದರ ಕಡೆ ನೋಡಿದರು. ಪರದೆಯ ಮೇಲೆ ಸಾಹೇಬರು. ನಡುಗಿ ನಡುಗಿ ಸುಮ್ಮನಾಯಿತು.

ಕಡ್ಡಿ ಕೊಲೆ ಮಾಡಿಲ್ಲ ಎಂದು ಹೇಳಬಲ್ಲ ಒಬ್ಬನೇ ಒಬ್ಬ ಸಾಕ್ಷಿ ಒಂದು ವಾರದಿಂದ ಅವಳ ಎದುರಿನ ಕೋಣೆಯಲ್ಲೇ ಕೂತಿದ್ದ. ಅವಳ ವರದಿಗಳಿಗೆ ಸಹಿ ಹಾಕುತ್ತಿದ್ದ. ಹುಡುಗ ನಿಜ ಹೇಳಿದರೆ ಅಧ್ಯಕ್ಷರ ಜೊತೆ ಆ ಸಹಿಯೂ ಸಿಕ್ಕಿಬೀಳುತ್ತಿತ್ತು. ಮೊನ್ನೆ ಅವಳಿಗೆ ಕೆಮ್ಮೆಂದು ಮಾತ್ರೆಯನ್ನೂ ಕೊಟ್ಟಿದ್ದ.

"ಇದನ್ನ ಇನ್‌ಸ್ಪೆಕ್ಟರ ಮುಂದೆ ಹೇಳ್ತೀರಾ ಅಕ್ಕಾ?"

"ಹೇಳಿದ್ರೆ ನಾನು ಜೈಲಿಗೆ. ಹೇಳದಿದ್ರೆ ಅವನು." ಅಕ್ಕನ ಧ್ವನಿ ಏರಲಿಲ್ಲ. "ಎತ್ತಿ ಆಡಿಸಿದ ತಮ್ಮ ಮೇಡಂ ಅವನು. ಹೇಳೋಣ ಅಂತ ದಿನಾ ಎದ್ದು ಠಾಣೆ ತನಕ ಹೋಗ್ತೀನಿ. ಮೆಟ್ಟಿಲ ಹತ್ರ ಕಾಲು ನಿಂತುಬಿಡುತ್ತೆ. ನನ್ನ ಕೈಲಿ ಆಗ್ತಿಲ್ಲ. ಹೇಳೋದಾದ್ರೆ ನೀವೇ ಹೇಳಿ. ಹೇಳಿದ್ರೆ ಇಲ್ಲ ಅನ್ನಲ್ಲ ನಾನು. ಅಷ್ಟು ಮಾತ್ರ ನಿಮಗೆ ಮಾತು ಕೊಡ್ತೀನಿ."

ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದು ಕೇಳಿಸಿತು.

ತಪಾಸಣಾಧಿಕಾರಿ ಅಂಗಳಕ್ಕೆ ಬಂದಾಗ ಸಾಹೇಬರು ಆಗಲೇ ಇಳಿದಿದ್ದರು. ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿಕೊಳ್ಳುತ್ತ, ಫೋನ್ ಎತ್ತುವುದು ಇಲಾಖೆಯಲ್ಲಿ ನಿಂತುಹೋಗಿದೆಯೇ ಎಂದು ಅವಳನ್ನು ಕೇಳಿದರು. ಉತ್ತರಕ್ಕೆ ಕಾಯಲಿಲ್ಲ. ಅಧ್ಯಕ್ಷರು ಕೊಟ್ಟ ಟೀ ಲೋಟವನ್ನು ತೆಗೆದುಕೊಂಡು ನೇರ ಇನ್‌ಸ್ಪೆಕ್ಟರ ಹತ್ತಿರ ಹೋದರು.

"ಹುಡುಗ ಏನಾದ್ರೂ ಹೇಳಿದ್ನಾ?"

"ಹಸು ಒದ್ದಾಗ ಅಯ್ಯೋ ಅಂದ," ಎಂದರು ಇನ್‌ಸ್ಪೆಕ್ಟರ್. "ಅಷ್ಟೇ."

ಅಧ್ಯಕ್ಷರೊಬ್ಬರೇ ನಕ್ಕರು.

ಕಡ್ಡಿ ಜೀಪಿನ ಹಿಂದಿನ ಸೀಟಿನಲ್ಲಿ ಕಾನ್‌ಸ್ಟೇಬಲ್ಲನ ಪಕ್ಕ ಕೂತಿದ್ದ. ಸಾಹೇಬರನ್ನು ಕಂಡೊಡನೆ ನೆಟ್ಟಗಾದ. ಬಿಡಿಸಲು ಬಂದರೆಂದು ತಿಳಿದನೋ ಏನೋ, ಒಂದು ಕ್ಷಣ ಅವನ ಮುಖ ಚಿಕ್ಕ ಮಕ್ಕಳ ಮುಖದಂತೆ ಬಿಚ್ಚಿಕೊಂಡಿತು. ಸಾಹೇಬರು ಅವನ ಕಡೆ ನೋಡಿದರು. ಆಮೇಲೆ ನಿಧಾನವಾಗಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ಅಕ್ಕನ ಕಡೆ ನೋಡಿದರು. ಮತ್ತೆ ಅವನ ಕಡೆ. ಒಂದು ಗುಟುಕು ಟೀ ಕುಡಿದರು.

ಕಡ್ಡಿಯ ಮುಖ ಮುಚ್ಚಿಕೊಂಡಿತು.

"ಸಾರ್," ಎಂದ, ಇನ್‌ಸ್ಪೆಕ್ಟರಿಗೆ. ಹಿಡಿದಾಗಿನಿಂದ ಅವನ ಬಾಯಿಂದ ತಾನಾಗಿ ಬಂದ ಮೊದಲ ಮಾತು ಅದು. "ಬರ್ಕೊಳ್ಳಿ. ಓಲೆ ಮಾವನ್ನ ಹೊಡೆದಿದ್ದು ನಾನೇ. ಇಕ್ಕಳದಲ್ಲಿ ಹೊಡೆದೆ. ಅಕ್ಕನಿಗೆ ಏನೂ ಗೊತ್ತಿಲ್ಲ."

ಅಕ್ಕ ಒಂದು ಹೆಜ್ಜೆ ಮುಂದಿಟ್ಟಳು. ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ನಿಂತಳು.

ಇನ್‌ಸ್ಪೆಕ್ಟರ್ ಲೋಟವನ್ನು ಜೀಪಿನ ಬಾನೆಟ್ಟಿನ ಮೇಲಿಟ್ಟು ಜೇಬಿನಲ್ಲಿ ಪೆನ್ನು ಹುಡುಕಿದರು. ಅವರಿಗೆ ಖುಷಿಯಾದಂತೆ ಕಾಣಲಿಲ್ಲ. ಇಷ್ಟು ಸುಲಭವಾಗಿ ಸಿಕ್ಕ ಉತ್ತರವನ್ನು ಅನುಮಾನಿಸುವಷ್ಟು ವರ್ಷ ಅವರು ಪೊಲೀಸ್ ಕೆಲಸ ಮಾಡಿದ್ದರು. ಬರೆಯುವ ಮೊದಲು ಒಮ್ಮೆ ತಲೆಯೆತ್ತಿ ತಪಾಸಣಾಧಿಕಾರಿಯ ಮುಖ ನೋಡಿದರು.

ಸಾಹೇಬರು ಅದನ್ನು ಗಮನಿಸಿದರು. ಅವಳ ಹತ್ತಿರ ಬಂದು, ಕಚೇರಿಯಲ್ಲಿ ಫೈಲು ಕೇಳುವಷ್ಟೇ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಕೇಳಿದರು.

"ಒಳಗೆ ಆಕೆ ಹೇಳಿಕೆ ತಗೊಂಡ್ರಂತಲ್ಲ. ಏನು ಹೇಳಿದ್ಲು?"